ಸ್ಪಿತಿ ಕಣಿವೆಗೆ ಅಮ್ಮನೊಂದಿಗೆ: ಯಾವ ದಾರಿ, ಎಷ್ಟು ದಿನ?

ಪ್ರಶ್ನೆ: ದಸರಾ ರಜೆಯಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಬೇಕೆಂದಿದ್ದೇವೆ. ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು ಮತ್ತು 66 ವರ್ಷದ ಅಮ್ಮ. ಅಮ್ಮನಿಗೆ ರಕ್ತದೊತ್ತಡದ ಮಾತ್ರೆ ಇದೆ, ಬೇರೆ ತೊಂದರೆ ಇಲ್ಲ. ಈಗಲೂ ಶ್ರವಣಬೆಳಗೊಳದ ಬೆಟ್ಟ ಹತ್ತುತ್ತಾರೆ. ಮನಾಲಿಯಿಂದ ಹೊರಟು ಮೊದಲ ರಾತ್ರಿ ಚಂದ್ರತಾಲ್ ಸರೋವರದ ಬಳಿ ಡೇರೆಯಲ್ಲಿ ತಂಗುವುದು, ಮರುದಿನದಿಂದ ಕಾಜಾ, ಕೀ ಗೊಂಪಾ (ಬೌದ್ಧ ವಿಹಾರ), ತಾಬೋ ನೋಡಿಕೊಂಡು ಶಿಮ್ಲಾ ಕಡೆ ಇಳಿಯುವುದು, ಒಟ್ಟು ಏಳು ದಿನ ಎಂದು ಲೆಕ್ಕ ಹಾಕಿದ್ದೇವೆ. ಇದು ಸರಿಯೇ? ಇನ್ನೊಂದು ಮಾತು: ಅಮ್ಮನ ದೇವರ ಮನೆಯಲ್ಲಿರುವ ಶಾಲಿಗ್ರಾಮದಂಥ ಕಲ್ಲುಗಳು ಅಲ್ಲಿ ಸಿಗುತ್ತವೆ ಎಂದು ಮಗಳು ಎಲ್ಲೋ ಓದಿದ್ದಾಳೆ. ನಿಜವೇ? ಒಂದೆರಡು ತರಬಹುದೇ?
– ಹಾಸನದ ಓದುಗರು

ಉತ್ತರ: ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ. ಆದರೆ ನೀವು ಬರೆದಿರುವ ದಾರಿಯಲ್ಲಿ ಬೇಡ, ಏಳು ದಿನದಲ್ಲಂತೂ ಬೇಡವೇ ಬೇಡ. ನಿಮ್ಮ ಯೋಜನೆಯನ್ನು ತಲೆಕೆಳಗು ಮಾಡಿ ಶಿಮ್ಲಾ ಕಡೆಯಿಂದ ಹತ್ತಿ, ಹನ್ನೆರಡು ದಿನ ಇಟ್ಟುಕೊಳ್ಳಿ, ಚಂದ್ರತಾಲನ್ನು ಈ ಸಲಕ್ಕೆ ಬಿಟ್ಟುಬಿಡಿ. ಹೀಗೆಂದರೆ ನಿಮ್ಮ ಮಗಳಿಗೆ ಬೇಸರವಾಗಬಹುದು ಎಂದು ಗೊತ್ತು. ಕಾರಣವನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಎತ್ತರದ ಮಾತು. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, 1,930 ಮೀಟರ್. ಅದರ ನೆತ್ತಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೆ ಎಷ್ಟಾಗುತ್ತದೋ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ ಸ್ಪಿತಿಯ ಮುಖ್ಯ ಊರು ಕಾಜಾ. ಅದೂ ಕಣಿವೆಯ ತಳದಲ್ಲಿ, ನದಿಯ ದಡದಲ್ಲಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲಿಗಿಂತಲೂ ಸ್ವಲ್ಪ ಕಡಿಮೆ. ಚಂದ್ರತಾಲ್ ಇನ್ನೂ ಮೇಲೆ, ಸುಮಾರು 4,250 ಮೀಟರ್‌ನಲ್ಲಿದೆ. ಮನಾಲಿ ಇರುವುದು ಸುಮಾರು 2,000 ಮೀಟರ್‌ನಲ್ಲಿ. ಅಂದರೆ ಬೆಳಿಗ್ಗೆ ಮನಾಲಿಯಲ್ಲಿ ತಿಂಡಿ ತಿಂದು ರಾತ್ರಿ ಚಂದ್ರತಾಲ್‌ನಲ್ಲಿ ಮಲಗಿದರೆ ಒಂದೇ ಹಗಲಿನಲ್ಲಿ ಎರಡು ಸಾವಿರ ಮೀಟರ್‌ಗೂ ಹೆಚ್ಚು ಹತ್ತಿದಂತೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ನಿಲ್ಲಬೇಕು ಎನ್ನುವುದು ಪರ್ವತ ವೈದ್ಯರು ಒಪ್ಪಿರುವ ನಿಯಮ. ನಿಮ್ಮ ಮೊದಲ ರಾತ್ರಿಯೇ ಅದನ್ನು ಮುರಿಯುತ್ತದೆ.

ಬೆಳಗೊಳದ ಬೆಟ್ಟ ಹತ್ತುವ ಅಮ್ಮನ ಕಾಲಿನ ಶಕ್ತಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಎನ್ನುವುದನ್ನು ಮನಸ್ಸಿಗೆ ತಂದುಕೊಳ್ಳಿ. ಎತ್ತರದ ಕಾಯಿಲೆ ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗನನ್ನು ಕೆಡವಿ, ಅವನ ಪಕ್ಕದಲ್ಲೇ ಇದ್ದ ಅಜ್ಜಿಯನ್ನು ಬಿಟ್ಟುಬಿಡುವುದನ್ನು ಕಣ್ಣಾರೆ ಕಂಡಿದ್ದೇನೆ. ಹಿಂದೆ ಒಮ್ಮೆ ಎಂಟು ಜನರ ತಂಡವೊಂದನ್ನು ನೀವು ಬರೆದ ದಾರಿಯಲ್ಲೇ ಕರೆದೊಯ್ದಿದ್ದೆ. ನಡುರಾತ್ರಿ ಡೇರೆಯಿಂದ ಡೇರೆಗೆ ಟಾರ್ಚ್ ಹಿಡಿದು ಓಡಾಡಿದ್ದು, ತಂಡದ ಅತ್ಯಂತ ಚುರುಕಾದ ಯುವಕ ಸಿಡಿಯುವ ತಲೆ ಹಿಡಿದುಕೊಂಡು ವಾಂತಿ ಮಾಡುತ್ತಾ ಕುಳಿತಿದ್ದು, ಅವನನ್ನು ಹೇಗೆ ಕೆಳಗಿಳಿಸುವುದೆಂದು ತಿಳಿಯದೆ ಬೆಳಕು ಹರಿಯುವುದನ್ನೇ ಕಾದದ್ದು, ಇವೆಲ್ಲ ನೆನಪಿವೆ. ಅವನು ಉಳಿದುಕೊಂಡ. ಆದರೆ ಆ ರಾತ್ರಿಯ ನಂತರ ಒಬ್ಬರನ್ನೂ ಆ ದಾರಿಯಲ್ಲಿ ಮೇಲೆ ಹತ್ತಿಸಿಲ್ಲ.

‘ಹೇಗೆ ಕೆಳಗಿಳಿಸುವುದು’ ಎನ್ನುವುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ಎತ್ತರದ ಕಾಯಿಲೆಗೆ ನಂಬಬಹುದಾದ ಮದ್ದು ಒಂದೇ, ಕೆಳಗೆ ಇಳಿಯುವುದು. ಸ್ಪಿತಿಯಂಥ ಕಣಿವೆಯಲ್ಲಿ ನದಿ ಹರಿಯುವ ಕಡೆಯೇ ಇಳಿಜಾರು. ಅದಕ್ಕೇ ನಮ್ಮ ಜೊತೆ ಬರುವವರಿಗೆಲ್ಲ ಒಂದು ಅಭ್ಯಾಸ ಮಾಡಿಸುತ್ತೇನೆ: ಯಾವ ಊರಿನಲ್ಲಿ ರಾತ್ರಿ ತಂಗಿದರೂ ಮಲಗುವ ಮುನ್ನ, ಇಲ್ಲಿಂದ ನೀರು ಯಾವ ಕಡೆ ಹರಿಯುತ್ತದೆ, ಆ ಕಡೆ ರಸ್ತೆ ಇದೆಯೇ, ಈ ಹೊತ್ತಿನಲ್ಲಿ ಗಾಡಿ ಸಿಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಕಾಜಾ, ತಾಬೋ, ಕಲ್ಪಾಗಳಲ್ಲಿ ಮೂರಕ್ಕೂ ಉತ್ತರವಿದೆ. ಚಂದ್ರತಾಲ್‌ನಲ್ಲಿ ಇಲ್ಲ. ಅಲ್ಲಿಂದ ಕಾಜಾ ಕಡೆ ಹೊರಟರೆ ಮೊದಲು 4,550 ಮೀಟರ್‌ನ ಕುಂಜುಮ್ ಕಣಿವೆದಾರಿಯನ್ನು ಹತ್ತಬೇಕು, ಕಾಯಿಲೆಯವರನ್ನು ಇನ್ನೂ ಮೇಲೆ ಒಯ್ಯಬೇಕು. ಮನಾಲಿ ಕಡೆ ಇಳಿಯುವುದಾದರೆ ಬಾತಲ್‌ನಿಂದ ಗ್ರಾಂಫೂವರೆಗಿನ ಕಲ್ಲುರಸ್ತೆ, ನಡುವೆ ರಸ್ತೆಯ ಮೇಲೇ ಹರಿಯುವ ನಾಲಾಗಳು. ಹಗಲೆಲ್ಲ ಬಿಸಿಲಿಗೆ ಹಿಮ ಕರಗಿ ಸಂಜೆಯ ಹೊತ್ತಿಗೆ ಅವು ತುಂಬಿಕೊಳ್ಳುತ್ತವೆ. ರಾತ್ರಿಯಲ್ಲಿ ಆ ದಾರಿ ಹಿಡಿಯುವ ಚಾಲಕ ಸಿಗುವುದಿಲ್ಲ, ಸಿಗಲೂ ಬಾರದು. 2023ರ ಜುಲೈನಲ್ಲಿ ಮಳೆ, ಹಿಮ ಒಟ್ಟಿಗೆ ಸುರಿದಾಗ 250ಕ್ಕೂ ಹೆಚ್ಚು ಪ್ರವಾಸಿಗರು ಅಲ್ಲಿ ದಿನಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರು. ಸರೋವರ ಅಪ್ರತಿಮ ಚೆಲುವಿನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ರಾತ್ರಿಗೆ, 66ರ ಅಮ್ಮನೊಂದಿಗೆ, ಅದು ತಕ್ಕ ಜಾಗವಲ್ಲ.

ಇದೇ ನದಿಗೆ ಎದುರಾಗಿ ಕೆಳಗಿನಿಂದ ಹತ್ತಿ ನೋಡಿ, ಎಲ್ಲವೂ ಬೇರೆಯಾಗುತ್ತದೆ. ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನ, ಅಲ್ಲಿಂದ ಶಿಮ್ಲಾ, 2,200 ಮೀಟರ್. ಮರುದಿನ ಸರಾಹನ್, ಮರ ಮತ್ತು ಕಲ್ಲನ್ನು ಸಾಲುಸಾಲಾಗಿ ಜೋಡಿಸಿ ಕಟ್ಟಿದ ಭೀಮಾಕಾಳಿ ದೇವಸ್ಥಾನ ಅಮ್ಮನಿಗೆ ಬಹಳ ಹಿಡಿಸುತ್ತದೆ. ಮೂರನೆಯ ದಿನ ಕಿನ್ನೌರಿನ ಕಲ್ಪಾ, ಸುಮಾರು 2,960 ಮೀಟರ್. ಅಲ್ಲಿ ಎರಡು ರಾತ್ರಿ ಇರಿ. ಎದುರಿಗೇ ಕಿನ್ನರ ಕೈಲಾಸ ಶಿಖರ. ದಸರಾ ಹೊತ್ತಿಗೆ ತೋಟಗಳಲ್ಲಿ ಸೇಬಿನ ಕೊಯ್ಲು, ಕಾಡಿನಲ್ಲಿ ಚಿಲ್ಗೋಜಾ ಎಂಬ ಪೈನ್ ಮರದ ಬೀಜ ಇಳಿಸುವ ಕೆಲಸ. ಅಮ್ಮ ಬಿಸಿಲಿನಲ್ಲಿ ಕುಳಿತಿರಲಿ, ನೀವು ಮೂವರು ತೋಟದ ನಡುವೆ ಅಡ್ಡಾಡಿ ಬನ್ನಿ. ಐದನೆಯ ದಿನ ತಾಬೋ, 3,280 ಮೀಟರ್, ಮತ್ತೆ ಎರಡು ರಾತ್ರಿ. ಏಳನೆಯ ದಿನ ಧಂಕರ್ ನೋಡಿಕೊಂಡು ಕಾಜಾ, ಅಲ್ಲಿ ಮೂರು ರಾತ್ರಿ. ಬಂದ ದಾರಿಯಲ್ಲೇ ಹಿಂದಿರುಗಲು ಮೂರು ದಿನ. ಮಲಗುವ ಎತ್ತರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಯಾವ ರಾತ್ರಿಯೂ ಕೆಳಗಿನ ದಾರಿ ನಿಮ್ಮ ಬೆನ್ನ ಹಿಂದೆಯೇ ಇರುತ್ತದೆ.

ಇದಕ್ಕೂ ಅಪಾಯಗಳಿಲ್ಲ ಎಂದಲ್ಲ. ಕಿನ್ನೌರಿನ ಗುಡ್ಡಗಳು ಮಳೆಗಾಲದಲ್ಲಿ ಜಾರುತ್ತವೆ. 2021ರ ಜುಲೈನಲ್ಲಿ ಸಾಂಗ್ಲಾ ಕಣಿವೆಯ ಬತ್ಸೇರಿಯ ಬಳಿ ಬಂಡೆಗಳು ಉರುಳಿ ಪ್ರವಾಸಿಗರು ಸತ್ತರು. ಜುಲೈ, ಆಗಸ್ಟ್‌ನಲ್ಲಿ ಈ ದಾರಿ ಬೇಡ ಎಂದು ಎಲ್ಲರಿಗೂ ಹೇಳುವುದು ಇದಕ್ಕೇ. ದಸರಾ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ, ಆಕಾಶ ತೊಳೆದಿಟ್ಟಂತೆ ಇರುತ್ತದೆ. ಆದರೂ ಬೆಳಿಗ್ಗೆ ಬೇಗ ಹೊರಟು ಕತ್ತಲಾಗುವ ಮುಂಚೆ ಊರು ಸೇರಿ. ಒಂದು ದಿನವನ್ನು ಖಾಲಿ ಇಟ್ಟುಕೊಂಡು ವಿಮಾನದ ಟಿಕೆಟ್ ಕಾಯ್ದಿರಿಸಿ. 2018ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಯಾರೂ ಎಣಿಸದ ಹಿಮ ಬಿದ್ದು ಲಾಹೌಲ್–ಸ್ಪಿತಿಯಲ್ಲಿ ನೂರಾರು ಜನ ಸಿಕ್ಕಿಬಿದ್ದದ್ದುಂಟು. ರಜೆ ಏಳೇ ದಿನ ಎಂದಾದರೆ ಸ್ಪಿತಿಯ ಆಸೆ ಬಿಟ್ಟು ಕಲ್ಪಾ, ಸಾಂಗ್ಲಾ, ಛಿತ್‌ಕುಲ್ ಅಷ್ಟೇ ನೋಡಿ ಬನ್ನಿ. ಬಸ್ಪಾ ನದಿಯ ಆ ಕಣಿವೆ ಯಾರಿಗೂ ಕಡಿಮೆಯಲ್ಲ. ಕಾಜಾದಲ್ಲಿ ತಲೆನೋವಿನಿಂದ ಮಲಗಿ ಏಳು ದಿನ ಕಳೆಯುವುದಕ್ಕಿಂತ ಸಾವಿರ ಪಾಲು ಮೇಲು.

ಅಮ್ಮನ ಆರೋಗ್ಯಕ್ಕೆ ಬರುತ್ತೇನೆ. ಹತೋಟಿಯಲ್ಲಿರುವ ರಕ್ತದೊತ್ತಡ ಈ ಪ್ರವಾಸಕ್ಕೆ ತಡೆಯಲ್ಲ, ಆದರೆ ಹೊರಡುವ ತಿಂಗಳ ಮುಂಚೆ ಅವರ ವೈದ್ಯರಿಗೆ ‘ಮೂರು ರಾತ್ರಿ 3,700 ಮೀಟರ್‌ನಲ್ಲಿ ಮಲಗುತ್ತಾರೆ’ ಎಂದು ಸ್ಪಷ್ಟವಾಗಿ ಹೇಳಿ ಕೇಳಿ. ಸುಮ್ಮನೆ ‘ಹಿಮಾಚಲ ಪ್ರವಾಸ’ ಎಂದರೆ ಅವರು ಶಿಮ್ಲಾ ಎಂದುಕೊಂಡಾರು. ಎತ್ತರದ ಕಾಯಿಲೆ ಬಾರದಂತೆ ಕೊಡುವ ಅಸೆಟಝೋಲಮೈಡ್ ಮಾತ್ರೆಯ ವಿಷಯವನ್ನೂ ಅವರನ್ನೇ ಕೇಳಿ. ಸಲ್ಫಾ ಔಷಧಿಗಳು ಒಗ್ಗದವರಿಗೆ ಅದು ತೊಂದರೆ ಕೊಡಬಹುದು, ಮೂತ್ರವನ್ನೂ ಹೆಚ್ಚಿಸುತ್ತದೆ, ಅವರು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯೊಂದಿಗೆ ಹೊಂದುತ್ತದೆಯೇ ಎಂದು ನೋಡಬೇಕು. ಪಕ್ಕದ ಮನೆಯವರು ಕೊಟ್ಟರೆಂದು ನುಂಗಿಸಬೇಡಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಯ್ಯಬಹುದು, ಆದರೆ ಅದರ ಅಂಕಿಗಿಂತ ಅಮ್ಮನ ಮುಖ ನೋಡಿ. ಸಣ್ಣ ತಲೆನೋವು, ಹಸಿವಿಲ್ಲದಿರುವುದು, ನಿದ್ದೆ ಕೆಡುವುದು ಮೊದಲ ದಿನ ಅನೇಕರಿಗೆ ಆಗುತ್ತದೆ. ಅಂಥ ದಿನ ಇನ್ನೂ ಮೇಲೆ ಹತ್ತದೆ ಅಲ್ಲೇ ಉಳಿಯಬೇಕು. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ಮಾತಿನಲ್ಲಿ ಗೊಂದಲ, ನಡಿಗೆಯಲ್ಲಿ ತೂರಾಟ ಕಂಡರೆ ಬೆಳಗಾಗುವುದನ್ನು ಕಾಯಬಾರದು. ನೆಲದ ಮೇಲೆ ಒಂದು ಗೆರೆ ಹಾಕಿಕೊಂಡು ಹಿಮ್ಮಡಿಗೆ ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಯಲು ಹೇಳಿ. ತಪ್ಪಿದರೆ ಆ ಕ್ಷಣವೇ ಗಾಡಿ ಹತ್ತಿಸಿ. ಕಾಜಾದಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಆಮ್ಲಜನಕ ಸಿಗುತ್ತದೆ. ಮಗಳ ಮೇಲೂ ಇಷ್ಟೇ ಕಣ್ಣಿರಲಿ. ಪ್ರವಾಸ ಕೆಡುತ್ತದೆಂದು ಮಕ್ಕಳು ತಲೆನೋವನ್ನು ಮುಚ್ಚಿಡುತ್ತಾರೆ.

ಇನ್ನು ನೋಡುವ ಸಂತೋಷಕ್ಕೆ ಬರೋಣ. ಸ್ಪಿತಿ ನದಿ ಕಿನ್ನೌರಿನ ಖಾಬ್ ಎಂಬಲ್ಲಿ ಟಿಬೆಟ್ಟಿನಿಂದ ಬರುವ ಸಟ್ಲೆಜ್ ಅನ್ನು ಸೇರುತ್ತದೆ. ಸೇತುವೆಯ ಬಳಿ ಐದು ನಿಮಿಷ ಗಾಡಿ ನಿಲ್ಲಿಸಿ, ಎರಡು ನೀರು ಬೆರೆಯುವುದನ್ನು ಮಗಳು ನೋಡಲಿ. ಅವಳಿಗೆ ನಕ್ಷೆಯೊಂದನ್ನು ಕೊಟ್ಟು ಒಂದು ಆಟ ಆಡಿಸಿ. ಕುಂಜುಮ್ ಏಣಿನ ಈ ಬದಿಗೆ ಬಿದ್ದ ಹಿಮ ಸ್ಪಿತಿಯಾಗಿ ಸಟ್ಲೆಜ್‌ಗೆ ಹೋಗುತ್ತದೆ. ಆ ಬದಿಗೆ ಬಿದ್ದದ್ದು ಚಂದ್ರಾ ನದಿಯಾಗಿ, ತಾಂಡಿಯಲ್ಲಿ ಭಾಗಾ ನದಿಯನ್ನು ಕೂಡಿಕೊಂಡು ಚಂದ್ರಭಾಗಾ, ಅಂದರೆ ಚೆನಾಬ್ ಆಗುತ್ತದೆ. ಒಂದೇ ಏಣಿನಿಂದ ಬೇರೆಯಾದ ಎರಡು ಹನಿಗಳು ಪಂಜಾಬಿನ ಬಯಲನ್ನೆಲ್ಲ ಸುತ್ತಿ, ಪಾಕಿಸ್ತಾನದಲ್ಲಿ ಚೆನಾಬ್–ಸಟ್ಲೆಜ್ ಕೂಡುವಲ್ಲಿ ಮತ್ತೆ ಭೇಟಿಯಾಗುತ್ತವೆ. ಎಲ್ಲಿ ಎಂದು ಅವಳೇ ಬೆರಳಿಟ್ಟು ಹುಡುಕಲಿ.

ತಾಬೋಗೆ ಎರಡು ರಾತ್ರಿ ಕೊಡಿ ಎಂದದ್ದು ಎತ್ತರಕ್ಕೆ ಒಗ್ಗಿಕೊಳ್ಳಲಷ್ಟೇ ಅಲ್ಲ. ಅಲ್ಲಿನ ಗೊಂಪಾ ಸ್ಥಾಪನೆಯಾದದ್ದು ಕ್ರಿ.ಶ. 996ರಲ್ಲಿ. ನಿಮ್ಮ ಜಿಲ್ಲೆಯ ಗೊಮ್ಮಟ ಎದ್ದು ನಿಂತದ್ದು ಸುಮಾರು 981ರಲ್ಲಿ. ಗಂಗರ ಕಾಲದ ಶಿಲ್ಪಿಗಳು ಬೆಳಗೊಳದಲ್ಲಿ ಉಳಿ ಕೆಳಗಿಟ್ಟು ಹದಿನೈದು ವರ್ಷವಾಗುವಷ್ಟರಲ್ಲಿ ಇಲ್ಲಿ, ಹಿಮಾಲಯದ ಬೆನ್ನಿಗೆ, ಇನ್ನೊಂದು ಕೈಕೆಲಸ ಶುರುವಾಗಿತ್ತು. ಅಲ್ಲಿ ಬೆಟ್ಟದ ಗಟ್ಟಿ ಕಲ್ಲು, ಇಲ್ಲಿ ಬರೀ ಮಣ್ಣು. ಗೋಡೆ ಮಣ್ಣಿನದು, ಚಾವಣಿ ಮಣ್ಣಿನದು, ಒಳಗೆ ಗೋಡೆಯಿಂದ ಹೊರಚಾಚಿ ಗಾಳಿಯಲ್ಲಿ ತೇಲುವಂತೆ ಕುಳಿತ ಬೋಧಿಸತ್ವರೂ ಮಣ್ಣಿನವರೇ. ಹೊರಗಿನಿಂದ ನೋಡಿದರೆ ಇದನ್ನು ನೋಡಲು ಇಷ್ಟು ದೂರ ಬಂದೆವೇ ಎನಿಸುತ್ತದೆ. ಒಳಗೆ ಹೋಗಿ ಕಣ್ಣು ಕತ್ತಲಿಗೆ ಒಗ್ಗುವವರೆಗೆ ಸುಮ್ಮನೆ ನಿಲ್ಲಿ. ಗೋಡೆಯಿಂದ ಗೋಡೆಗೆ ಚಿತ್ರಗಳು ಒಂದೊಂದಾಗಿ ಎದ್ದು ಬರುತ್ತವೆ. ಒಳಗೆ ಫೋಟೋ ತೆಗೆಯುವಂತಿಲ್ಲ, ಅದು ಒಳ್ಳೆಯದೇ. ಮಳೆಯ ನೆರಳಿನ ಪ್ರದೇಶವಾದ್ದರಿಂದ ಈ ಮಣ್ಣು ಸಾವಿರ ವರ್ಷ ನಿಂತಿದೆ. 1975ರ ಜನವರಿಯ ಕಿನ್ನೌರ್ ಭೂಕಂಪದ ಪೆಟ್ಟನ್ನೂ ತಿಂದು ನಿಂತಿದೆ. ಅಮ್ಮನಿಗೆ ಇಲ್ಲಿ ಒಂದು ಗಂಟೆ ಕೂರಲು ಬಿಡಿ, ಅವಸರಪಡಿಸಬೇಡಿ.

ಧಂಕರ್ ಹಿಂದೆ ಸ್ಪಿತಿಯ ರಾಜಧಾನಿಯಾಗಿತ್ತು. ಪಿನ್ ನದಿ ಸ್ಪಿತಿಯನ್ನು ಕೂಡುವ ಜಾಗದ ನೆತ್ತಿಯ ಮೇಲೆ, ಸವೆದು ನಿಂತ ಮಣ್ಣಿನ ಕೋಡುಗಳ ನಡುವೆ ಗೊಂಪಾ ಕಚ್ಚಿಕೊಂಡಿದೆ. ಕೆಳಗೆ ನದಿ ಹತ್ತಾರು ಎಳೆಯಾಗಿ ಬಿಚ್ಚಿಕೊಂಡು ಹರಿಯುವ ನೋಟ ಕಣಿವೆಯಲ್ಲೇ ನನಗೆ ಅತಿ ಪ್ರಿಯ. ಮೇಲಿನ ಸರೋವರಕ್ಕೆ ಒಂದು ಗಂಟೆಯ ಏರು ನಡಿಗೆ. ಅಮ್ಮ ಗೊಂಪಾದಲ್ಲಿ ಉಳಿಯಲಿ, ನೀವು ಮಗಳೊಂದಿಗೆ ಹೋಗಬಹುದು. ಕೀ ಗೊಂಪಾದ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ, ಅದರ ಚಿತ್ರ ಎಲ್ಲರೂ ನೋಡಿರುತ್ತಾರೆ. ಅದಕ್ಕಿಂತ ಮೇಲಿರುವ ಕಿಬ್ಬರ್ ಊರಿನ ಬಗ್ಗೆ ಒಂದು ಮಾತು. ಅಲ್ಲಿ ಹಿಮಚಿರತೆಗಳ ಉಳಿವಿಗಾಗಿ ಊರಿನವರ ಜೊತೆ 1990ರ ದಶಕದಿಂದ ಕೆಲಸ ಮಾಡುತ್ತಿರುವುದು ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್. ಊರಿನವರು ತಮ್ಮ ಹುಲ್ಲುಗಾವಲಿನ ಒಂದು ಭಾಗದಲ್ಲಿ ದನಕುರಿ ಮೇಯಿಸದೆ, ಹಿಮಚಿರತೆಗೆ ಆಹಾರವಾದ ನೀಲಿಕುರಿ ಎಂಬ ಕಾಡುಪ್ರಾಣಿಗಳಿಗೆ ಬಿಟ್ಟುಕೊಟ್ಟರು. ಹಿಮಚಿರತೆ ಜಾನುವಾರು ಹಿಡಿದರೆ ಪರಿಹಾರ ಸಿಗುವಂತೆ ವಿಮೆಯ ಏರ್ಪಾಡಾಯಿತು. ದಸರಾ ಹೊತ್ತಿಗೆ ಹಿಮಚಿರತೆ ಕಾಣುವ ಆಸೆ ಇಟ್ಟುಕೊಳ್ಳಬೇಡಿ, ಅದು ಕೆಳಗಿಳಿಯುವುದು ಕಡುಚಳಿಗಾಲದಲ್ಲಿ. ನೀಲಿಕುರಿಗಳು ಮಾತ್ರ ಸಿಗುವ ಸಾಧ್ಯತೆ ಇದೆ.

ಊಟದ ಚಿಂತೆ ಬೇಡ, ಅನ್ನ ಬೇಳೆ ಎಲ್ಲ ಕಡೆ ಇದೆ. ಕಾಜಾದಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯದು, ಹಾಗಾಗಿ ಪ್ರತಿ ಮನೆಯಲ್ಲೂ ಸೀಟಿಯ ಸದ್ದು ಕೇಳುತ್ತದೆ. ಅಲ್ಲಿನವರ ತ್ಸಂಪಾ ಹುರಿದ ಬಾರ್ಲಿಯ ಹಿಟ್ಟು. ಅಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರೆ ಸಾಕು, ‘ಇದು ನಮ್ಮ ಹುರಿಹಿಟ್ಟು’ ಎಂದು ಗುರುತು ಹಿಡಿಯುತ್ತಾರೆ. ಮನೆಯೊಡತಿಯೂ ಅವರೂ ಭಾಷೆ ಬಾರದಿದ್ದರೂ ಒಲೆಯ ಮುಂದೆ ಒಂದು ಸಂಜೆ ಕಳೆಯಬಲ್ಲರು. ಅದಕ್ಕಾಗಿ ದೊಡ್ಡ ಹೋಟೆಲಿಗಿಂತ ಹೋಮ್‌ಸ್ಟೇ ಆರಿಸಿಕೊಳ್ಳಿ. ಮೇಲಿನ ಊರುಗಳಲ್ಲಿ ನೀರು ಬಹಳ ಬಿಗಿ. ಅಲ್ಲಿನ ಒಣ ಶೌಚಾಲಯದಲ್ಲಿ ನೀರು ಹಾಕದೆ ಮಣ್ಣು, ಬೂದಿ ಮುಚ್ಚುತ್ತಾರೆ. ಅದೇ ಗೊಬ್ಬರವಾಗಿ ಬಾರ್ಲಿ, ಬಟಾಣಿ ಹೊಲಕ್ಕೆ ಹೋಗುತ್ತದೆ. ಮುಖ ಸಿಂಡರಿಸದೆ ಬಳಸಿ, ಬಕೆಟ್‌ಗಟ್ಟಲೆ ಬಿಸಿನೀರು ಕೇಳಬೇಡಿ. ರಾತ್ರಿ ಚಳಿ ಶೂನ್ಯಕ್ಕಿಂತ ಕೆಳಗಿಳಿಯಬಹುದು. ಅಮ್ಮನಿಗೆ ಒಂದೇ ದಪ್ಪ ಕೋಟಿಗಿಂತ ಮೂರು ನಾಲ್ಕು ಪದರ ಉಣ್ಣೆ ಬಟ್ಟೆ ಉತ್ತಮ. ನಗದು ಹಣ ಸಾಕಷ್ಟು ಇರಲಿ.

ಈಗ ಮಗಳ ಪ್ರಶ್ನೆ. ಅವಳು ಓದಿದ್ದು ನಿಜ. ಸ್ಪಿತಿಯ ಬೆಟ್ಟಗಳು ಒಂದು ಕಾಲಕ್ಕೆ ಟೆಥಿಸ್ ಎಂಬ ಸಮುದ್ರದ ತಳವಾಗಿದ್ದವು. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಏಷ್ಯಾಕ್ಕೆ ಒತ್ತಿದಾಗ ಆ ತಳವೇ ಮಡಿಸಿಕೊಂಡು ಮೇಲೆದ್ದಿತು. ಅದಕ್ಕೂ ಬಹಳ ಹಿಂದೆ ಆ ಸಮುದ್ರದಲ್ಲಿ ಸುರುಳಿ ಚಿಪ್ಪಿನ ಅಮೊನೈಟ್ ಎಂಬ ಜೀವಿಗಳಿದ್ದವು. ಅವು ಕೆಸರಿನಲ್ಲಿ ಹೂತು ಕಲ್ಲಾದವು. ನೇಪಾಳದ ಗಂಡಕಿಯಲ್ಲಿ ಸಿಗುವ ಶಾಲಿಗ್ರಾಮದೊಳಗಿನ ಚಕ್ರವೂ ಅಮೊನೈಟಿನ ಅಚ್ಚೇ, ಅದೂ ಅದೇ ಸಮುದ್ರದ ಕೆಸರು. ಅಮ್ಮ ದಿನವೂ ಅಭಿಷೇಕ ಮಾಡುವ ಕಲ್ಲಿನ ಒಡಹುಟ್ಟುಗಳು ಲಾಂಗ್ಝಾ ಊರಿನ ಹಿಂದಿನ ಗುಡ್ಡದಲ್ಲಿ, 4,400 ಮೀಟರ್ ಎತ್ತರದಲ್ಲಿ, ಬಿದ್ದಿವೆ. ಇದನ್ನು ಅಮ್ಮನಿಗೆ ಅಲ್ಲೇ ನಿಂತು ಹೇಳಿ.

ತರಬಾರದು. ಅಲ್ಲಿನ ಮಕ್ಕಳು ಕಲ್ಲು ಹಿಡಿದು ನಿಮ್ಮ ಮುಂದೆ ಬಂದಾರು. ಕೊಂಡರೆ ನಾಳೆ ಅವರು ಇನ್ನೂ ಹತ್ತನ್ನು ಅಗೆಯುತ್ತಾರೆ, ಗುಡ್ಡ ಹೀಗೆಯೇ ಬರಿದಾಗುತ್ತಿದೆ. ಒಂದು ಸುರುಳಿಯನ್ನು ಕಂಡರೆ ಮಗಳು ಅದರ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿ ಅಚ್ಚು ತೆಗೆದುಕೊಳ್ಳಲಿ, ಕಲ್ಲನ್ನು ಎತ್ತಿದ ಜಾಗದಲ್ಲೇ ಇಡಲಿ. ಮೃದುವಾದ ಕಾಗದವನ್ನೂ 6ಬಿ ಪೆನ್ಸಿಲನ್ನೂ ಹಾಸನದಿಂದಲೇ ಕಟ್ಟಿಕೊಳ್ಳಿ, ಅಲ್ಲಿ ಸಿಗಲಾರವು.

ಲಾಂಗ್ಝಾ, ಹಿಕ್ಕಿಮ್, ಕೋಮಿಕ್ ಮೂರನ್ನೂ ಕಾಜಾದ ಕೊನೆಯ ದಿನಕ್ಕೆ ಇಟ್ಟುಕೊಳ್ಳಿ, ಹಗಲು ಹೋಗಿ ಸಂಜೆಗೆ ಕಾಜಾಕ್ಕೆ ಇಳಿಯಿರಿ, ಮೇಲೆ ಮಲಗಬೇಡಿ. ಅಂದು ಬೆಳಿಗ್ಗೆ ಅಮ್ಮನಿಗೆ ಸ್ವಲ್ಪ ತಲೆನೋವಿದ್ದರೂ ಅವರು ಕಾಜಾದಲ್ಲೇ ಉಳಿಯಲಿ, ನಿಮ್ಮಿಬ್ಬರಲ್ಲಿ ಒಬ್ಬರು ಜೊತೆಗಿರಲಿ. ಹಿಕ್ಕಿಮ್‌ನಲ್ಲಿ 1983ರಿಂದ ಒಂದು ಅಂಚೆ ಕಚೇರಿ ನಡೆಯುತ್ತಿದೆ, ಜಗತ್ತಿನಲ್ಲೇ ಅತಿ ಎತ್ತರದ್ದೆಂದು ಹೆಸರಾದದ್ದು. ಅಲ್ಲಿಂದ ಮಗಳು ಹಾಸನದ ಮನೆಗೆ ಅಜ್ಜಿಯ ಹೆಸರಿನಲ್ಲಿ ಒಂದು ಕಾರ್ಡ್ ಹಾಕಲಿ, ಲಾಂಗ್ಝಾದಲ್ಲಿ ತೆಗೆದ ಆ ಸುರುಳಿಯ ಅಚ್ಚನ್ನೇ ಅದರ ಮೇಲೆ ಅಂಟಿಸಲಿ. ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲೂ ಬರೆದು ಪಿನ್ ಕೋಡ್ ಹಾಕುವುದನ್ನು ಮರೆಯಬೇಡಿ. ನೀವು ಊರು ತಲುಪಿ ಎಷ್ಟೋ ದಿನಗಳ ಮೇಲೆ ಅದು ಬರುತ್ತದೆ.